ಬೆಳಗ್ಗೆ ಎಂಟು ಗಂಟೆಯ ರಕ್ತಪರೀಕ್ಷೆ

ಸುಸ್ತು ಎಂಬುದನ್ನು ನಮ್ಮ ಹೆಚ್ಚಿನ ಮನೆಗಳಲ್ಲಿ ರೋಗವೆಂದು ಯಾರೂ ಒಪ್ಪುವುದಿಲ್ಲ. ಗಂಡಸಿಗೆ ಸುಸ್ತಾದರೆ ದುಡಿದು ಬಂದಿದ್ದಾನೆ ಎನ್ನುತ್ತೇವೆ. ಹೆಂಗಸಿಗೆ ಸುಸ್ತಾದರೆ ಸೋಮಾರಿತನ ಎನ್ನುತ್ತೇವೆ. ಅವಳು ಮನೆಗೆ ಬಂದ ಸೊಸೆಯಾಗಿದ್ದರಂತೂ ಕೇಳುವುದೇ ಬೇಡ. ಹೆಚ್ಚೆಂದರೆ ಒಮ್ಮೆ ರಕ್ತಹೀನತೆಯ ಪರೀಕ್ಷೆ, ಇನ್ನೊಮ್ಮೆ ಥೈರಾಯ್ಡ್ ಪರೀಕ್ಷೆ, ಕೊನೆಗೆ ಒಂದು ಬಾಟಲಿ ಟಾನಿಕ್. ಇವುಗಳಲ್ಲಿ ಹೆಚ್ಚಿನವರಿಗೆ ಗುಣವೂ ಆಗುತ್ತದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಗುಣವಾಗದೆ ಉಳಿಯುವ ಕೆಲವರಿದ್ದಾರೆ. ಅವರಿಗಾಗಿ ಇನ್ನೊಂದು ಪರೀಕ್ಷೆ ಇದೆ. ಅದರ ಹೆಸರನ್ನೇ ನಮ್ಮಲ್ಲಿ ಅನೇಕರು ಕೇಳಿಲ್ಲ. ಈ ತಿಂಗಳು ಅದರ ಕುರಿತು ಮಾತನಾಡೋಣ.

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಎರಡು ಸಣ್ಣ ಗ್ರಂಥಿಗಳಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಇವುಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಭಯವಾದಾಗ ಎದೆ ಡವಡವ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ಇವುಗಳ ಒಳಭಾಗದಿಂದ ಬರುತ್ತದೆ. ಹೊರಭಾಗದಿಂದ ಬರುವ ಹಾರ್ಮೋನುಗಳಲ್ಲಿ ಎರಡು ಬಹಳ ಮುಖ್ಯ. ಒಂದು, ದೇಹದ ಉಪ್ಪು ನೀರನ್ನು ಹಿಡಿದಿಡುವ ಆಲ್ಡೋಸ್ಟೀರಾನ್. ಇನ್ನೊಂದು ಕಾರ್ಟಿಸಾಲ್. ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದು, ಊಟವಿಲ್ಲದ ಹೊತ್ತಿನಲ್ಲಿ ರಕ್ತದ ಸಕ್ಕರೆ ಇಳಿಯದಂತೆ ತಡೆಯುವುದು, ಜ್ವರ, ಗಾಯ, ಶಸ್ತ್ರಚಿಕಿತ್ಸೆಯಂತಹ ಸಂಕಟವನ್ನು ದೇಹವು ತಾಳಿಕೊಳ್ಳುವಂತೆ ಮಾಡುವುದು ಕಾರ್ಟಿಸಾಲ್‌ನ ಕೆಲಸ. ಉಪವಾಸ ಹಿಡಿದವರು ಅಸ್ರ್ ನಮಾಝಿನ ಹೊತ್ತಿಗೂ ನೆಟ್ಟಗೆ ನಿಂತಿರುವುದರಲ್ಲಿ ಇದರ ಪಾಲೂ ಇದೆ.

ಈ ಗ್ರಂಥಿಗಳು ತಾವಾಗಿಯೇ ಕಾರ್ಟಿಸಾಲ್ ಸುರಿಸುವುದಿಲ್ಲ. ಮೆದುಳಿನ ಬುಡದಲ್ಲಿ ಕಡಲೆ ಕಾಳಿನ ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿ ಇದೆ. ಅದು ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಆಜ್ಞೆ ಕಳುಹಿಸಬೇಕು. ಹಾಗಾಗಿ ಕಾರ್ಟಿಸಾಲ್ ಕಡಿಮೆಯಾದರೆ ತಪ್ಪು ಎರಡು ಕಡೆ ಇರಬಹುದು: ಆಜ್ಞೆ ಪಾಲಿಸಬೇಕಾದ ಅಡ್ರಿನಲ್ ಕೆಟ್ಟಿರಬಹುದು ಅಥವಾ ಆಜ್ಞೆ ಕೊಡಬೇಕಾದ ಪಿಟ್ಯುಟರಿಯೇ ಸುಮ್ಮನಾಗಿರಬಹುದು. ಪರೀಕ್ಷೆಗಳೆಲ್ಲ ಇದನ್ನು ಪತ್ತೆ ಹಚ್ಚಲಿಕ್ಕಾಗಿಯೇ ಇರುವುದು.

ಸೃಷ್ಟಿಕರ್ತನು ಇದಕ್ಕೊಂದು ವೇಳಾಪಟ್ಟಿ ಇಟ್ಟಿದ್ದಾನೆ. ನಡುರಾತ್ರಿಯ ಹೊತ್ತಿಗೆ ರಕ್ತದಲ್ಲಿ ಕಾರ್ಟಿಸಾಲ್ ಅತಿ ಕಡಿಮೆ. ತಹಜ್ಜುದ್‌ಗೆ ಏಳುವವರು ಏಳುವಾಗ ಅದು ಆಗಲೇ ಏರತೊಡಗಿರುತ್ತದೆ. ಬೆಳಗ್ಗೆ ಏಳುವ ಹೊತ್ತಿಗೆ ತುತ್ತತುದಿಗೆ ತಲುಪಿ, ಮತ್ತೆ ದಿನವಿಡೀ ಇಳಿಯುತ್ತಾ ಹೋಗುತ್ತದೆ. ಆದ್ದರಿಂದಲೇ ಕೊರತೆಯ ಸಂಶಯವಿದ್ದಾಗ ರಕ್ತವನ್ನು ಬೆಳಗ್ಗೆ ಎಂಟರಿಂದ ಒಂಭತ್ತರ ಒಳಗೆ ತೆಗೆಯಬೇಕು. ಸಂಜೆ ಐದಕ್ಕೆ ತೆಗೆದ ರಕ್ತದಲ್ಲಿ ಆರೋಗ್ಯವಂತರಿಗೂ ಅಂಶ ಕಡಿಮೆಯೇ ಇರುತ್ತದೆ. ಅದನ್ನು ನೋಡಿ ಹೆದರುವುದೂ ಸಮಾಧಾನಪಡುವುದೂ ಎರಡೂ ವ್ಯರ್ಥ. 'ಹೇಗೂ ಪೇಟೆಗೆ ಬಂದಿದ್ದೇವೆ, ಇದನ್ನೂ ಮುಗಿಸಿ ಹೋಗೋಣ' ಎಂದು ಮಧ್ಯಾಹ್ನ ಲ್ಯಾಬಿಗೆ ಹೋಗುವ ಅಭ್ಯಾಸ ನಮ್ಮವರಿಗಿದೆ. ಈ ಪರೀಕ್ಷೆಗೆ ಅದು ನಡೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಲಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅವರ ದೇಹದ ಗಡಿಯಾರವೇ ಬೇರೆ.

ಇನ್ನು ಅಂಕೆಗಳ ವಿಷಯ. ಲ್ಯಾಬಿನ ವರದಿಯಲ್ಲಿ ಬೆಳಗಿನ ಕಾರ್ಟಿಸಾಲ್‌ಗೆ ಸಾಮಾನ್ಯವಾಗಿ 5ರಿಂದ 25 ಮೈಕ್ರೋಗ್ರಾಂ (ಒಂದು ಡೆಸಿಲೀಟರಿಗೆ) ಎಂದೋ ಅದರ ಆಸುಪಾಸಿನಲ್ಲೋ ಮುದ್ರಿಸಿರುತ್ತಾರೆ. ನಿಮ್ಮ ಅಂಕೆ 6 ಬಂತೆನ್ನಿ. ಪಕ್ಕದಲ್ಲಿ ನಕ್ಷತ್ರದ ಗುರುತೂ ಇಲ್ಲ, ದಪ್ಪಕ್ಷರವೂ ಇಲ್ಲ. 'ಎಲ್ಲ ನಾರ್ಮಲ್' ಎಂದು ವರದಿಯನ್ನು ಮಡಚಿ ಕಪಾಟಿನಲ್ಲಿ ಇಟ್ಟುಬಿಡುತ್ತೇವೆ. ಇದು ಸರಿಯಲ್ಲ. 3ಕ್ಕಿಂತ ಕಡಿಮೆ ಇದ್ದರೆ ಕೊರತೆ ಬಹುತೇಕ ಖಚಿತ. 15-18ಕ್ಕಿಂತ ಹೆಚ್ಚಿದ್ದರೆ ಕೊರತೆ ಇಲ್ಲವೆನ್ನಬಹುದು. ಇವೆರಡರ ನಡುವೆ ಬಂದದ್ದು ಉತ್ತರವಲ್ಲ, ಅದು ಮುಂದಿನ ಪರೀಕ್ಷೆಗೆ ಚೀಟಿ. ಲ್ಯಾಬಿನಿಂದ ಲ್ಯಾಬಿಗೆ ಯಂತ್ರ ಬದಲಾದಂತೆ ಈ ಗಡಿಗಳೂ ಸ್ವಲ್ಪ ಹಿಂದೆ ಮುಂದೆ ಆಗುತ್ತವೆ.

ಆ ಮುಂದಿನ ಪರೀಕ್ಷೆಯ ತರ್ಕ ಬಹಳ ಸರಳ. ಗ್ರಂಥಿಗೆ ಹೊರಗಿನಿಂದ ಆಜ್ಞೆ ಕೊಟ್ಟು ನೋಡುವುದು. ಎಸಿಟಿಎಚ್‌ನದ್ದೇ ಕೃತಕ ರೂಪವನ್ನು 250 ಮೈಕ್ರೋಗ್ರಾಂ ಚುಚ್ಚುತ್ತಾರೆ. ಚುಚ್ಚುವ ಮೊದಲು ಒಮ್ಮೆ, ಅರ್ಧ ಗಂಟೆಯ ನಂತರ ಮತ್ತೊಮ್ಮೆ, ಒಂದು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಗ್ರಂಥಿ ಸರಿಯಿದ್ದರೆ ಕಾರ್ಟಿಸಾಲ್ ಜಿಗಿದು ಸುಮಾರು 18ನ್ನು ದಾಟಬೇಕು. ಹೊಸ ಬಗೆಯ ಯಂತ್ರಗಳಲ್ಲಿ ಈ ಗಡಿ ಇನ್ನೂ ಕೆಳಗಿದೆ. ದಾಟದಿದ್ದರೆ ಗ್ರಂಥಿಗೆ ಶಕ್ತಿಯಿಲ್ಲ ಎಂದರ್ಥ. ನಮ್ಮ ದೇಶದಲ್ಲಿ ಆ ಚುಚ್ಚುಮದ್ದು ಸುಲಭವಾಗಿ ಸಿಗದ ಕಾರಣ, ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ಎಸಿಟಿಎಚ್ ಚುಚ್ಚುಮದ್ದನ್ನು ಬಳಸುವ ತಜ್ಞರೂ ಇದ್ದಾರೆ. ಜೊತೆಗೆ ರಕ್ತದ ಎಸಿಟಿಎಚ್ ಅನ್ನೂ ಅಳೆಯುತ್ತಾರೆ. ಅದು ಬಹಳ ಹೆಚ್ಚಿದ್ದರೆ ತಪ್ಪು ಅಡ್ರಿನಲ್‌ನದ್ದು. ಕಡಿಮೆಯಿದ್ದರೆ ತಪ್ಪು ಮೇಲಿನದ್ದು. ಎಸಿಟಿಎಚ್ ಬಹಳ ಸೂಕ್ಷ್ಮ ವಸ್ತು. ರಕ್ತವನ್ನು ತಕ್ಷಣ ಮಂಜುಗಡ್ಡೆಯಲ್ಲಿಟ್ಟು ಬೇಗ ಸಂಸ್ಕರಿಸದಿದ್ದರೆ ಅದು ಕರಗಿಹೋಗಿ ಸುಳ್ಳು ಅಂಕೆ ಬರುತ್ತದೆ. ಹಾಗಾಗಿ ರಕ್ತವನ್ನು ಬೇರೆ ಊರಿಗೆ ಕಳುಹಿಸುವ ಸಣ್ಣ ಲ್ಯಾಬಿಗಿಂತ, ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲೇ ಇದನ್ನು ಮಾಡಿಸುವುದು ಲೇಸು.

ಅಡ್ರಿನಲ್ ಗ್ರಂಥಿ ಕೆಟ್ಟರೆ ಮನುಷ್ಯ ಸಾಯುತ್ತಾನೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್. ಅವರ ಪುಸ್ತಕ ಬಂದದ್ದು 1855ರಲ್ಲಿ. ಅವರು ವಿವರಿಸಿದ ಹನ್ನೊಂದು ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ತಿಂದು ಹಾಕಿದ್ದು ಕ್ಷಯರೋಗ. ಕ್ಷಯ ಇನ್ನೂ ಬೇರೂರಿರುವ ನಮ್ಮ ದೇಶದಲ್ಲಿ ಇದು ನೆನಪಿಡಬೇಕಾದ ಮಾತು. ಈ ರೋಗದಲ್ಲಿ ಸುಸ್ತು, ತೂಕ ಇಳಿಕೆ, ವಾಕರಿಕೆ, ಎದ್ದು ನಿಂತರೆ ತಲೆಸುತ್ತು, ಉಪ್ಪು ತಿನ್ನಬೇಕೆಂಬ ವಿಪರೀತ ಆಸೆ ಇರುತ್ತದೆ. ಜೊತೆಗೆ ಚರ್ಮ ಕಪ್ಪಾಗುತ್ತದೆ. ಅಂಗೈಯ ಗೆರೆಗಳು, ಬೆರಳ ಗೆಣ್ಣುಗಳು, ಒಸಡು, ಹಳೆಯ ಗಾಯದ ಕಲೆ, ಇವು ಕಪ್ಪಾಗುತ್ತಿವೆಯೇ ಎಂದು ನೋಡಬೇಕು. ಬಿಸಿಲಿಗೆ ಕಪ್ಪಾದವರ ಒಸಡು ಕಪ್ಪಾಗುವುದಿಲ್ಲವಲ್ಲ! ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಗೂ ಇದೇ ರೋಗವಿತ್ತು. 1947ರಲ್ಲಿ ಲಂಡನ್ನಿನಲ್ಲಿ ಅದು ಪತ್ತೆಯಾಗಿತ್ತು. ಚುನಾವಣೆಯ ಕಾರಣಕ್ಕೆ ಅದನ್ನು ಮುಚ್ಚಿಟ್ಟರು. ಮಾತ್ರೆ ನುಂಗುತ್ತಲೇ ಅವರು ದೇಶವನ್ನು ಆಳಿದರು. ಚಿಕಿತ್ಸೆ ಸಿಕ್ಕಿದರೆ ಈ ರೋಗಿ ಎಲ್ಲರಂತೆ ಬದುಕಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆದರೆ ನಮ್ಮ ಸಹೋದರಿಯರು ತಿಳಿಯಬೇಕಾದ ವಿಷಯ ಅಡಿಸನ್ನರದ್ದಲ್ಲ, ಶೀಹನ್ನರದ್ದು. ಗರ್ಭಿಣಿಯಾಗಿರುವಾಗ ಪಿಟ್ಯುಟರಿ ಗ್ರಂಥಿ ದಪ್ಪಗಾಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಒತ್ತಡ ಕುಸಿದರೆ ಆ ಗ್ರಂಥಿಗೆ ರಕ್ತ ಸಾಲದೆ ಅದು ಸತ್ತುಹೋಗಬಹುದು. 1937ರಲ್ಲಿ ಇದನ್ನು ವಿವರಿಸಿದವರು ಇಂಗ್ಲೆಂಡಿನ ಹೆರಾಲ್ಡ್ ಶೀಹನ್. ಶ್ರೀಮಂತ ದೇಶಗಳಲ್ಲಿ ಇದು ಈಗ ಬಹಳ ಅಪರೂಪ. ಕಾಶ್ಮೀರದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತ ಹೆಂಗಸರಲ್ಲಿ ಸುಮಾರು ನೂರಕ್ಕೆ ಮೂವರಿಗೆ ಇದು ಇದ್ದದ್ದು ಕಂಡುಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲೇ ಹೆತ್ತವರು.

ನನಗೆ ತಿಳಿದಿರುವ ಒಂದು ಮನೆಯ ಸಂಗತಿ ಹೇಳುತ್ತೇನೆ. ಮೂರನೆಯ ಹೆರಿಗೆಯಲ್ಲಿ ಆಕೆಗೆ ರಕ್ತಸ್ರಾವವಾಗಿ ನಾಲ್ಕು ಬಾಟಲಿ ರಕ್ತ ಕೊಡಬೇಕಾಯಿತು. ಮಗುವೂ ತಾಯಿಯೂ ಬದುಕಿದರು. ಅದೇ ದೊಡ್ಡ ಸಂತೋಷ. ಆದರೆ ಎದೆಹಾಲು ಬರಲಿಲ್ಲ. ಬಾಣಂತನದಲ್ಲಿ ಮೆಂತೆ ಗಂಜಿ, ಬೆಳ್ಳುಳ್ಳಿ ಎಲ್ಲ ತಿನ್ನಿಸಿದರು. ಹನಿ ಹಾಲಿಲ್ಲ. ಮುಟ್ಟು ಮರಳಲಿಲ್ಲ. ಮತ್ತೆ ಗರ್ಭಿಣಿಯಾಗುವ ಭಯವಿಲ್ಲವೆಂದು ಮನೆಯವರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಬರಬರುತ್ತಾ ಕಂಕುಳ ಕೂದಲು ಉದುರಿತು, ಮುಖ ಬಿಳಿಚಿತು, ಚಳಿ ತಡೆಯಲಾಗುತ್ತಿರಲಿಲ್ಲ. ಮಧ್ಯಾಹ್ನದ ಅಡುಗೆ ಮುಗಿಸುವಷ್ಟರಲ್ಲಿ ನೆಲದ ಮೇಲೆ ಮಲಗಿಬಿಡುತ್ತಿದ್ದಳು. ಅತ್ತೆ ಸೋಮಾರಿ ಎಂದರು. ಗಂಡ ಮಾತು ಕಡಿಮೆ ಮಾಡಿದ. ಯಾರೋ ಜಿನ್ನ್ ಬಾಧೆ ಎಂದರು. ನೂಲು ಕಟ್ಟಿಸಿದರು, ತಟ್ಟೆಯಲ್ಲಿ ಬರೆದು ತೊಳೆದ ನೀರು ಕುಡಿಸಿದರು. ಏಳು ವರ್ಷ ಹೀಗೆಯೇ ಹೋಯಿತು.

ಕೊನೆಗೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕಡಿಮೆ ಇದೆಯೆಂದು ಮಾತ್ರೆ ಆರಂಭಿಸಿದರು. ಎರಡು ವಾರದಲ್ಲಿ ಆಕೆ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಳು. ಏಕೆಂದರೆ ಥೈರಾಯ್ಡ್ ಮಾತ್ರೆ ದೇಹದ ಒಲೆಯನ್ನು ಜೋರು ಮಾಡುತ್ತದೆ, ಇದ್ದ ಅಲ್ಪಸ್ವಲ್ಪ ಕಾರ್ಟಿಸಾಲ್ ಬೇಗನೆ ಖರ್ಚಾಗುತ್ತದೆ. ಪಿಟ್ಯುಟರಿಯ ರೋಗದಲ್ಲಿ ಮೊದಲು ಕಾರ್ಟಿಸಾಲ್ ತುಂಬಿಸಬೇಕು, ಥೈರಾಯ್ಡ್ ಮಾತ್ರೆ ಅನಂತರ. ಅಲ್ಲಿದ್ದ ಒಬ್ಬ ಎಳೆಯ ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ಕೊನೆಯ ಹೆರಿಗೆಯಲ್ಲಿ ರಕ್ತ ಹೋಗಿತ್ತಾ? ಹಾಲು ಬಂದಿತ್ತಾ?" ಏಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮರುದಿನದ ಕಾರ್ಟಿಸಾಲ್ 2ಕ್ಕಿಂತ ಕಡಿಮೆ ಇತ್ತು. ಇಂದು ಆಕೆ ದಿನಕ್ಕೆರಡು ಬಾರಿ ಸಣ್ಣ ಮಾತ್ರೆ ನುಂಗಿಕೊಂಡು ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾ ಮನೆ ನಡೆಸುತ್ತಿದ್ದಾಳೆ. ಜಿನ್ನ್ ಇದೆ ಎಂಬುದು ನಮ್ಮ ವಿಶ್ವಾಸದ ಭಾಗ. ಹಾಗೆಂದು ಪ್ರತಿಯೊಂದು ಸುಸ್ತನ್ನೂ ಜಿನ್ನ್‌ನ ತಲೆಗೆ ಕಟ್ಟುವುದು ವಿಶ್ವಾಸವಲ್ಲ. ರೋಗಕ್ಕೆ ಔಷಧ ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಹೇಳಿರುವಾಗ ನೂಲಿನವನ ಮನೆ ಬಾಗಿಲು ಬಡಿಯುವುದೇಕೆ?

ಕಾರ್ಟಿಸಾಲ್ ಕೊರತೆಗೆ ಇವೆಲ್ಲಕ್ಕಿಂತ ಸಾಮಾನ್ಯವಾದ ಕಾರಣ ನಾವೇ ತಂದುಕೊಂಡದ್ದು: ಸ್ಟೀರಾಯ್ಡ್ ಮಾತ್ರೆ. ಕಾರ್ಟಿಸೋನ್ ಅನ್ನು ಸಂಧಿವಾತಕ್ಕೆ ಮೊದಲು ಕೊಟ್ಟದ್ದು 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ. ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ನಿಜವಾಗಿಯೂ ಇದು ಜೀವ ಉಳಿಸುವ ಔಷಧ. ಆದರೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿ 'ಸಾಕಷ್ಟಿದೆ' ಎಂದುಕೊಂಡು ಆಜ್ಞೆ ನಿಲ್ಲಿಸುತ್ತದೆ. ಕೆಲಸವಿಲ್ಲದ ಅಡ್ರಿನಲ್ ಸೊರಗುತ್ತದೆ. ಮೂರು ನಾಲ್ಕು ವಾರ ನಿತ್ಯವೂ ತಿಂದವರು ಒಮ್ಮೆಲೇ ನಿಲ್ಲಿಸಿದರೆ ದೇಹದಲ್ಲಿ ಕಾರ್ಟಿಸಾಲೇ ಇಲ್ಲದ ಸ್ಥಿತಿ ಬರಬಹುದು. ಉಬ್ಬಸಕ್ಕೆ, ಮಂಡಿ ನೋವಿಗೆ, ದಪ್ಪಗಾಗುವುದಕ್ಕೆ ಎಂದು ಹೆಸರಿಲ್ಲದ ಪುಡಿ, ಗುಳಿಗೆ ಮಾರುವವರು ಎಷ್ಟೋ ಸಲ ಅದರೊಳಗೆ ಬೆರೆಸಿರುವುದು ಇದನ್ನೇ. ಮೂರೇ ದಿನದಲ್ಲಿ ನೋವು ಮಾಯವಾಗುತ್ತದೆ, ತಿಂಗಳಲ್ಲಿ ಮುಖ ಉಬ್ಬುತ್ತದೆ, 'ಕೈಗುಣ' ಎಂದು ಊರೆಲ್ಲ ಹೊಗಳುತ್ತದೆ! ಮುಖ ಬೆಳ್ಳಗಾಗಲು ಹೆಣ್ಣುಮಕ್ಕಳು ಹಚ್ಚುವ ಮುಲಾಮುಗಳಲ್ಲೂ ಸ್ಟೀರಾಯ್ಡ್ ಇರುವುದುಂಟು. ಅಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಟ್ಟರೆ ಅದು ನಿಮಗೆ ಮಾಡಿದ ಉಪಕಾರವಲ್ಲ.

ಸ್ಟೀರಾಯ್ಡ್ ನಿಲ್ಲಿಸಬೇಕಾದವರಿಗೂ ನಾನು ಹೇಳಿದ ಬೆಳಗಿನ ಪರೀಕ್ಷೆಯೇ ದಾರಿ ತೋರಿಸುತ್ತದೆ. ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾ ಬಂದು, ದೇಹದ ಸಹಜ ಅಗತ್ಯದಷ್ಟಕ್ಕೆ ತಂದ ಮೇಲೆ ಕಾರ್ಟಿಸಾಲ್ ಅಳೆಯುತ್ತಾರೆ. ಯುರೋಪ್ ಮತ್ತು ಅಮೆರಿಕದ ಹಾರ್ಮೋನು ತಜ್ಞರ ಸಂಘಗಳು 2024ರಲ್ಲಿ ಜೊತೆಯಾಗಿ ಕೊಟ್ಟ ಮಾರ್ಗದರ್ಶನದ ಪ್ರಕಾರ, ಅಂಕೆ 10ಕ್ಕಿಂತ ಹೆಚ್ಚಿದ್ದರೆ ಗ್ರಂಥಿ ಎಚ್ಚೆತ್ತಿದೆ, ಮಾತ್ರೆ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಅದೇ ಸಣ್ಣ ಪ್ರಮಾಣ ಮುಂದುವರಿಸಿ ಮತ್ತೆ ಪರೀಕ್ಷಿಸಬೇಕು. 5ಕ್ಕಿಂತ ಕಡಿಮೆಯಿದ್ದರೆ ಕೆಲವು ತಿಂಗಳು ಕಾಯಬೇಕು. ಪರೀಕ್ಷೆಯ ದಿನದ ಮಾತ್ರೆಯನ್ನು ರಕ್ತ ಕೊಡುವ ಮೊದಲು ನುಂಗಬಾರದು. ಪ್ರೆಡ್ನಿಸೊಲೋನ್ ಮತ್ತು ಹೈಡ್ರೊಕಾರ್ಟಿಸೋನ್ ಯಂತ್ರಕ್ಕೆ ಕಾರ್ಟಿಸಾಲ್‌ನಂತೆಯೇ ಕಂಡು ಇಲ್ಲದ್ದನ್ನು ಇದೆ ಎಂದು ತೋರಿಸಬಲ್ಲವು. ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು, ತಾವಾಗಿ ನಿಲ್ಲಿಸುವುದು ಅಪಾಯ. ಗರ್ಭನಿರೋಧಕ ಮಾತ್ರೆ ತಿನ್ನುವವರೂ ಗರ್ಭಿಣಿಯರೂ ಅದನ್ನು ಮುಚ್ಚಿಡದೆ ತಿಳಿಸಬೇಕು. ಅವರಲ್ಲಿ ಅಂಕೆ ಏರಿದಂತೆ ತೋರುತ್ತದೆ. ನಾಚಿಕೆಯಿಂದ ಹೇಳದೆ ಉಳಿದ ಈ ಒಂದು ಮಾತಿನಿಂದ ಪರೀಕ್ಷೆಯೇ ದಾರಿ ತಪ್ಪುತ್ತದೆ.

ಇದರ ವಿರುದ್ಧ ದಿಕ್ಕಿನ ರೋಗವೂ ಇದೆ. ಕಾರ್ಟಿಸಾಲ್ ವಿಪರೀತವಾಗಿ ಮುಖ ಚಂದ್ರನಂತಾಗಿ, ಹೊಟ್ಟೆಯ ಮೇಲೆ ನೇರಳೆ ಪಟ್ಟೆಗಳು ಬಂದು, ಕೈಕಾಲು ಸೊರಗುವುದು. ಅಲ್ಲಿ ಬೆಳಗಿನ ಒಂದು ರಕ್ತದಿಂದ ಏನೂ ತಿಳಿಯದು. ರಾತ್ರಿ ಹನ್ನೊಂದಕ್ಕೆ ಒಂದು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿಸಿ ಬೆಳಗ್ಗೆ ಎಂಟಕ್ಕೆ ಅಳೆಯುತ್ತಾರೆ, ಅಥವಾ ನಡುರಾತ್ರಿಯ ಜೊಲ್ಲನ್ನೋ ಇಡೀ ದಿನದ ಮೂತ್ರವನ್ನೋ ಪರೀಕ್ಷಿಸುತ್ತಾರೆ. ಅದು ಇನ್ನೊಂದು ಲೇಖನದ ವಿಷಯ.

ಜೊಲ್ಲಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 'ನಿಮ್ಮ ಅಡ್ರಿನಲ್ ದಣಿದಿದೆ' ಎಂದು ಹೇಳಿ ದಿನಕ್ಕೆ ನಾಲ್ಕು ಬಾರಿ ಜೊಲ್ಲು ಪರೀಕ್ಷೆ ಮಾಡಿಸಿ, ದುಬಾರಿ ಡಬ್ಬಿಗಳನ್ನು ಮಾರುವ ವ್ಯಾಪಾರವೊಂದು ಮೊಬೈಲಿನ ಮೂಲಕ ಮನೆ ಮನೆಗೂ ಬಂದಿದೆ. ಬ್ರೆಜಿಲಿನ ಇಬ್ಬರು ವೈದ್ಯರು 58 ಅಧ್ಯಯನಗಳನ್ನು ಪರಿಶೀಲಿಸಿ, ಅಂತಹ ಒಂದು ರೋಗವಿದೆಯೆಂಬುದಕ್ಕೆ ಪುರಾವೆ ಇಲ್ಲವೆಂದು 2016ರಲ್ಲಿ ಬರೆದರು. ಗ್ರಂಥಿ ಕೆಡುವುದು ನಿಜ, ಅದಕ್ಕೆ ಪರೀಕ್ಷೆಯಿದೆ. ಗ್ರಂಥಿ ದಣಿಯುವುದು ಮಾರಾಟದ ಮಾತು.

ಇನ್ನು ರಮಝಾನ್. ಪರೀಕ್ಷೆಗೆಂದು ರಕ್ತ ತೆಗೆದರೆ ಉಪವಾಸ ಮುರಿಯುತ್ತದೆಯೇ ಎಂದು ಕೇಳುವವರು ಬಹಳ. ಸ್ವಲ್ಪ ರಕ್ತ ತೆಗೆಯುವುದರಿಂದ ಮುರಿಯುವುದಿಲ್ಲ ಎಂಬುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪೋಷಣೆಗಲ್ಲದ ಚುಚ್ಚುಮದ್ದಿನ ಬಗ್ಗೆಯೂ ಇಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ ಇದೇ. ಆದರೆ ಆ ತಿಂಗಳಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಫಜ್ರ್ ನಂತರ ಹತ್ತರವರೆಗೆ ಮಲಗುವವರ ಎಂಟು ಗಂಟೆಯ ರಕ್ತಕ್ಕೆ ಅರ್ಥ ಕಡಿಮೆ. ತುರ್ತಿಲ್ಲದಿದ್ದರೆ ಶವ್ವಾಲ್‌ನಲ್ಲಿ ಮಾಡಿಸಿದರೂ ಆಗುತ್ತದೆ.

ಕೊರತೆ ಖಚಿತವಾದವರ ಉಪವಾಸ ಬೇರೆಯೇ ಪ್ರಶ್ನೆ. ಹೈಡ್ರೊಕಾರ್ಟಿಸೋನ್ ಮಾತ್ರೆಯ ಪ್ರಭಾವ ಕೆಲವೇ ಗಂಟೆ. ಸಹರಿಗೆ ನುಂಗಿದ್ದು ಇಫ್ತಾರ್‌ವರೆಗೆ ಬರುವುದಿಲ್ಲ. ಕೆಲವರಿಗೆ ಹೆಚ್ಚು ಹೊತ್ತು ಉಳಿಯುವ ಪ್ರೆಡ್ನಿಸೊಲೋನ್‌ಗೆ ಬದಲಾಯಿಸಿ ವೈದ್ಯರು ಅನುಮತಿ ಕೊಡುತ್ತಾರೆ. ಕೆಲವರಿಗೆ ಬೇಡವೇ ಬೇಡ ಎನ್ನುತ್ತಾರೆ. ಇದನ್ನು ಶಅಬಾನ್‌ನಲ್ಲೇ ಕೇಳಿಟ್ಟುಕೊಳ್ಳಬೇಕು. ಅತ್ಯಂತ ಅಪಾಯದ ಕೆಲಸವೆಂದರೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟು ಉಪವಾಸ ಹಿಡಿಯುವುದು. ಉಪವಾಸದ ನಡುವೆ ವಾಂತಿ, ಹೊಟ್ಟೆನೋವು, ತಲೆಸುತ್ತು ಬಂದರೆ ಮಗ್ರಿಬ್‌ಗೆ ಎಷ್ಟು ನಿಮಿಷ ಉಳಿದಿದೆ ಎಂದು ನೋಡಬಾರದು. ಉಪವಾಸ ಮುರಿದು ಆಸ್ಪತ್ರೆಗೆ ಒಯ್ಯಬೇಕು. ಮೊದಲು ಬೇಕಾದದ್ದು 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು, ಜೊತೆಗೆ ಲವಣಯುಕ್ತ ಡ್ರಿಪ್. ತಾನು ಸ್ಟೀರಾಯ್ಡ್ ಅವಲಂಬಿತ ರೋಗಿ ಎಂದು ಬರೆದ ಚೀಟಿಯೊಂದು ಪರ್ಸಿನಲ್ಲಿದ್ದರೆ ಆಸ್ಪತ್ರೆಯವರಿಗೆ ಹುಡುಕಾಡುವ ಕೆಲಸ ಉಳಿಯುತ್ತದೆ. ಉಪವಾಸವಿಲ್ಲದ ದಿನಗಳಲ್ಲೂ ಜ್ವರ ಬಂದರೆ ಮಾತ್ರೆಯ ಪ್ರಮಾಣವನ್ನು ಎರಡು ಪಟ್ಟು ಮಾಡಬೇಕಾಗುತ್ತದೆ. ಈ ಲೆಕ್ಕವನ್ನು ರೋಗಿ ಮಾತ್ರವಲ್ಲ, ಮನೆಯ ಇನ್ನೊಬ್ಬರೂ ಕಲಿತಿರಬೇಕು.

ರೋಗಿಗೆ ರಿಯಾಯಿತಿಯನ್ನು ಸೂರಃ ಅಲ್ ಬಕರದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ಗ್ರಂಥಿ ಮರಳಿ ಎಚ್ಚೆತ್ತು ಗುಣವಾಗುವ ನಿರೀಕ್ಷೆಯಿದ್ದವರು ಬಿಟ್ಟ ಉಪವಾಸಗಳನ್ನು ಅನಂತರ ತೀರಿಸಬೇಕು. ಶೀಹನ್ ಅಥವಾ ಅಡಿಸನ್ ರೋಗದಂತೆ ಜೀವನಪೂರ್ತಿ ಉಳಿಯುವ ಕೊರತೆಯಿದ್ದು, ಉಪವಾಸ ಬೇಡವೆಂದು ನಂಬಿಕಸ್ಥ ವೈದ್ಯರು ಹೇಳಿದ್ದರೆ, ಒಂದೊಂದು ದಿನಕ್ಕೆ ಒಬ್ಬ ಬಡವನ ಆಹಾರ ಫಿದ್‌ಯಃ ಆಗಿ ಕೊಡಬೇಕು. ಶಾಫಿಈ ಮದ್ಹಬಿನವರಿಗೆ ಅದು ಒಂದು ಮುದ್ದ್ ಧಾನ್ಯ, ಹನಫಿಗಳಿಗೆ ಒಂದು ಫಿತ್ರ್ ಸದಕದಷ್ಟು. ಗಂಡನೋ ಮಗನೋ ಅವಳ ಪರವಾಗಿ ಕೊಟ್ಟರೂ ಸಾಕು.